ಛೀಮಾರಿ ಹಾಕಿದ್ರು, ಕುರ್ಚಿ ಬಿಡಿಸೋಕಾಗ್ಲಿಲ್ಲ: ಲಾಸ್ ಏಂಜಲಿಸ್ ಕೌನ್ಸಿಲ್ ಟೇಪ್ ಬಗ್ಗೆ ನಿಮಗೇನನ್ಸುತ್ತೆ?

ತಿರುಗುಬಾಣ:
ಮೊನ್ನೆ ಒಬ್ಬ ಫ್ರೆಂಡ್ ಜೊತೆ ಮಾತಿಗೆ ಮಾತು ಬೆಳೆದು ಅರ್ಧ ರಾತ್ರಿವರೆಗೂ ವಾದ ಆಯ್ತು, ಅದಕ್ಕೇ ಇಲ್ಲಿ ಹಾಕ್ತಿದೀನಿ. ಅವನು ಹೇಳೋದು ಇಷ್ಟೇ, ಗೆದ್ದು ಬಂದ ಸದಸ್ಯ ಒಬ್ಬ ಜನಾಂಗೀಯ ನಿಂದನೆ ಮಾಡಿದ್ರೆ ಕೌನ್ಸಿಲ್‌ನವರು ಅವನನ್ನ ಕಿತ್ತು ಬಿಸಾಕ್ಬೇಕು, ಛೀಮಾರಿ ಅಂತ ಒಂದು ಠರಾವು ಪಾಸ್ ಮಾಡಿ ಕೈ ತೊಳ್ಕೊಳ್ಳೋದು ಶುದ್ಧ ನಾಟಕ ಅಂತ. ನಾನು ಅಷ್ಟು ಸಲೀಸಿಲ್ಲ ಮಾರಾಯ ಅಂದೆ.

ನಾವು ಹಿಡ್ಕೊಂಡು ಎಳೆದಾಡಿದ್ದು ಲಾಸ್ ಏಂಜಲಿಸ್ ಕೇಸು. ಗೊತ್ತಿಲ್ದೇ ಇರೋರಿಗೆ: 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾರ್ಮಿಕ ಒಕ್ಕೂಟದ ಆಫೀಸಲ್ಲಿ ನಾಲ್ಕು ಜನ ಕೂತು ಮಾತಾಡ್ತಾರೆ. ಕೌನ್ಸಿಲ್ (ನಮ್ಮ ನಗರಸಭೆ ಥರ) ಅಧ್ಯಕ್ಷೆ ನೂರಿ ಮಾರ್ಟಿನೆಜ್, ಸದಸ್ಯರಾದ ಕೆವಿನ್ ಡಿ ಲಿಯೋನ್ ಮತ್ತೆ ಗಿಲ್ ಸೆಡಿಯೋ, ಜೊತೆಗೆ ಒಕ್ಕೂಟದ ಅಧ್ಯಕ್ಷ ರಾನ್ ಹೆರೆರಾ. ನಾಲ್ಕೂ ಜನ ಲ್ಯಾಟಿನೋಗಳೇ, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದೋರು. ಯಾರೋ ಅದನ್ನ ರೆಕಾರ್ಡ್ ಮಾಡ್ಕೊಂಡಿದ್ರು. ಒಂದು ವರ್ಷ ಅದು ಎಲ್ಲೋ ಬಿದ್ದಿತ್ತು, ಆಮೇಲೆ ರೆಡ್ಡಿಟ್‌ನಲ್ಲಿ ಹೆಸರಿಲ್ಲದ ಒಂದು ಅಕೌಂಟಿಂದ ಹೊರಗೆ ಬಿತ್ತು, 2022ರ ಅಕ್ಟೋಬರ್ 9ಕ್ಕೆ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ದೊಡ್ಡದಾಗಿ ಹಾಕ್ತು. ಅವರದೇ ಸಹೋದ್ಯೋಗಿ ಮೈಕ್ ಬಾನಿನ್ ಅಂತ ಬಿಳಿಯ ಸದಸ್ಯರು, ಅವರು ದತ್ತು ತಗೊಂಡ ಮಗ ಕಪ್ಪು ವರ್ಣದವನು, ಪುಟ್ಟ ಹುಡುಗ. ಆ ಮಗೂನ ಮಾರ್ಟಿನೆಜ್ ಸ್ಪ್ಯಾನಿಷ್‌ನಲ್ಲಿ 'ಚಂಗಿತೊ' ಅಂದ್ರು, ಮರಿಕೋತಿ ಅಂತ ಅರ್ಥ. ಅವನಿಗೆ ನಾಲ್ಕು ಬಾರಿಸ್ಬೇಕು ಅನ್ನೋ ಥರ ಮಾತೂ ಇತ್ತು. ಅದೇ ಊರಿನ ಕೊರಿಯಾಟೌನ್ ಏರಿಯಾದಲ್ಲಿರೋ ಮೆಕ್ಸಿಕೋದ ವಹಾಕಾ ಕಡೆಯ ಮೂಲನಿವಾಸಿ ಜನಾನ ಕುಳ್ಳರು, ಕಪ್ಪಗಿರೋರು, ಕುರೂಪಿಗಳು ಅಂತ ಆಡ್ಕೊಂಡ್ರು.

ಮಾರ್ಟಿನೆಜ್ ಮಾರನೇ ದಿನ ಅಧ್ಯಕ್ಷಗಿರಿ ಬಿಟ್ರು, ಹೆರೆರಾನೂ ಅವತ್ತೇ ಒಕ್ಕೂಟ ಬಿಟ್ರು, 12ನೇ ತಾರೀಖು ಮಾರ್ಟಿನೆಜ್ ಸದಸ್ಯತ್ವಾನೂ ಬಿಟ್ರು. ಸೆಡಿಯೋ ಆ ವರ್ಷ ಜೂನ್‌ನಲ್ಲೇ ಸೋತಿದ್ರು, ಡಿಸೆಂಬರ್‌ಗೆ ಅವಧಿ ಮುಗೀತಿತ್ತು, ಸುಮ್ನೆ ದಿನ ದೂಡಿದ್ರು. ಡಿ ಲಿಯೋನ್ ಮಾತ್ರ ಕದಲಲೇ ಇಲ್ಲ. ಶ್ವೇತಭವನದಿಂದ ಬೈಡನ್ ಕಡೆಯವರೇ ಎಲ್ರೂ ರಾಜೀನಾಮೆ ಕೊಡ್ಬೇಕು ಅಂದ್ರೂ ಕೊಡ್ಲಿಲ್ಲ. ಅಕ್ಟೋಬರ್ 26ಕ್ಕೆ ಕೌನ್ಸಿಲ್ 12-0 ವೋಟಲ್ಲಿ ಮೂವರಿಗೂ ಛೀಮಾರಿ ಹಾಕ್ತು. ಅಷ್ಟೇ. ಡಿ ಲಿಯೋನ್ ಇನ್ನೂ ಎರಡು ವರ್ಷ ಸೀಟಲ್ಲೇ ಇದ್ರು.

ಇದು ಸರೀನಾ? ಹೇಳಿ.

ಸುಮ್ನೆ_ಓದುಗ:
ಛೀಮಾರಿ ಅಂದ್ರೆ ಆಮೇಲೆ ಏನಾಗುತ್ತೆ ಸರ್, ಸಂಬಳ ಕಟ್ ಆಗುತ್ತಾ? ವೋಟ್ ಹಾಕೋ ಹಕ್ಕು ಹೋಗುತ್ತಾ?

ಕಾನೂನುಕಟ್ಟೆ:
ಏನೂ ಆಗಲ್ಲ. ನೀವು ಮಾಡಿದ್ದು ನಮಗೆ ನಾಚಿಕೆ ತಂದಿದೆ ಅಂತ ಸಭೆ ಅಧಿಕೃತವಾಗಿ ಹೇಳಿದ ಹಾಗೆ, ಕಡತದಲ್ಲಿ ಉಳಿಯುತ್ತೆ, ಅಲ್ಲಿಗೆ ಮುಗೀತು. ಸಂಬಳ ಬರ್ತಾನೇ ಇರುತ್ತೆ (ಆ ಊರಲ್ಲಿ ಕೌನ್ಸಿಲ್ ಸದಸ್ಯರಿಗೆ ವರ್ಷಕ್ಕೆ 2 ಲಕ್ಷ ಡಾಲರ್‌ಗೂ ಮೇಲೆ), ಕಚೇರಿ, ಸಿಬ್ಬಂದಿ, ವೋಟು ಎಲ್ಲಾ ಹಾಗೇ. ಸಮಿತಿಗಳಿಂದ ತೆಗೆದ್ರು, ಅದು ಬೇರೆ ಕ್ರಮ, ಅಧ್ಯಕ್ಷರ ಕೈಲಿರೋ ಅಧಿಕಾರ.

ಯಾಕೆ ತೆಗಿಯೋಕಾಗ್ಲಿಲ್ಲ ಅಂದ್ರೆ ಆ ನಗರದ ಚಾರ್ಟರ್‌ನಲ್ಲಿ, ಅಂದ್ರೆ ನಗರಾಡಳಿತದ ಮೂಲ ಕಾನೂನಲ್ಲಿ, ಸದಸ್ಯರನ್ನ ಉಚ್ಚಾಟನೆ ಮಾಡೋ ಅಧಿಕಾರ ಕೌನ್ಸಿಲ್‌ಗೆ ಇಲ್ಲವೇ ಇಲ್ಲ. ಅಮಾನತು ಮಾಡ್ಬಹುದು, ಆದ್ರೆ ಕ್ರಿಮಿನಲ್ ಕೇಸು ದಾಖಲಾಗಿದ್ರೆ ಮಾತ್ರ. ಈಗ ತಮಾಷೆ ನೋಡಿ. ಈ ನಾಲ್ವರು ಕೂತು ಮಾತಾಡಿದ ಅದೇ 2021ರ ಅಕ್ಟೋಬರ್‌ನಲ್ಲೇ ಮಾರ್ಕ್ ರಿಡ್ಲಿ ಥಾಮಸ್ ಅನ್ನೋ ಇನ್ನೊಬ್ಬ ಸದಸ್ಯರ ಮೇಲೆ ಭ್ರಷ್ಟಾಚಾರದ ಫೆಡರಲ್ ಕೇಸ್ ಬಿತ್ತು, ವಿಚಾರಣೆ ಶುರುವಾಗೋಕೂ ಮುಂಚೆ ಕೌನ್ಸಿಲ್ ಅವರನ್ನ 11-3ರಲ್ಲಿ ಅಮಾನತು ಮಾಡ್ತು, ಸಂಬಳಾನೂ ನಿಂತೋಯ್ತು. ಅವರು ತಪ್ಪಿತಸ್ಥ ಅಂತ ತೀರ್ಪು ಬಂದಿದ್ದು 2023ರಲ್ಲಿ. ಅಂದ್ರೆ ಆರೋಪ ಇದ್ದೋರು ಹೊರಗೆ, ಇಡೀ ಊರು ಕಿವಿಯಾರೆ ಕೇಳಿದ ಮಾತು ಆಡಿದೋರು ಒಳಗೆ. ಅಸಹ್ಯ ಮಾತು ಅಪರಾಧ ಅಲ್ಲ ನೋಡಿ.

ಖಡಕ್_ಮಾತು:
ನೋಡ್ರಿಪಾ, ಮಾತಿಗೆಲ್ಲಾ ಕುರ್ಚಿ ಕಸಗೋತ ಹೋದ್ರ ಒಂದು ಸಭಾದಾಗೂ ಯಾರೂ ಉಳಿಯಂಗಿಲ್ಲ. ಮತ್ತ ಅದು ಖಾಸಗಿ ಕೋಣಿಯೊಳಗ ಆಡಿದ್ದು, ಕದ್ದು ರೆಕಾರ್ಡ್ ಮಾಡ್ಯಾರ. ಕ್ಯಾಲಿಫೋರ್ನಿಯಾದಾಗ ಎಲ್ಲಾರ ಒಪ್ಪಿಗಿ ಇಲ್ಲದ ಖಾಸಗಿ ಮಾತು ರೆಕಾರ್ಡ್ ಮಾಡೂದ ಅಪರಾಧ ಐತಿ. ಮಾತಾಡಿದಾವ್ರು ಅಪರಾಧಿ ಅಲ್ಲ, ರೆಕಾರ್ಡ್ ಮಾಡಿದಾವ್ರು ಅಪರಾಧಿ. ಹಂಗಾದ್ರ ಯಾರಿಗೆ ಛೀಮಾರಿ ಹಾಕಬೇಕ್ರಿ?

ಹರಟೆಮಲ್ಲಿ:
ಖಡಕ್ ಅವರೇ ಕದ್ದು ಕೇಳಿದ್ದು ತಪ್ಪು ಅಂದ ಮಾತ್ರಕ್ಕೆ ಕೇಳಿಸಿದ್ದು ಸುಳ್ಳಾಗ್ಬಿಡುತ್ತಾ 🙄

ಖಡಕ್_ಮಾತು:
ಸುಳ್ಳು ಅಂತ ನಾ ಎಲ್ಲಿ ಅಂದೆ ತಂಗಿ. ಶಿಕ್ಷಾ ಕೊಡಾಕ ಅದನ್ನ ಆಧಾರ ಮಾಡಬಾರದು ಅಂದೆ.

ಕಾನೂನುಕಟ್ಟೆ:
ಕೋರ್ಟಲ್ಲಾದ್ರೆ ನೀವು ಹೇಳೋದರಲ್ಲಿ ಹುರುಳಿದೆ. ಆದ್ರೆ ಕೌನ್ಸಿಲ್ ಕೋರ್ಟಲ್ಲ. ನಾವು ಅವರ ಜೊತೆ ಇಲ್ಲ ಅಂತ ಹೇಳೋಕೆ ಸಾಕ್ಷ್ಯ ಕಾಯ್ದೆ ಬೇಕಿಲ್ಲ, ಅವರೂ ಆ ದನಿ ತಮ್ಮದಲ್ಲ ಅಂತ ಹೇಳ್ಲೇ ಇಲ್ಲ, ಕ್ಷಮೆ ಕೇಳಿದ್ರು.

ವ್ಯಾಲಿ_ಅಮ್ಮ:
ನಾನು ಇಲ್ಲೇ ಇರೋದು, ಸ್ಯಾನ್ ಫರ್ನಾಂಡೋ ವ್ಯಾಲಿಯಲ್ಲಿ. ಮಾರ್ಟಿನೆಜ್ ನಮ್ಮ ಏರಿಯಾದೋರೇ. ಕೌನ್ಸಿಲ್‌ಗೆ ಮೊದಲ ಲ್ಯಾಟಿನಾ ಅಧ್ಯಕ್ಷೆ ಅಂತ ನಮ್ಮ ಪಕ್ಕದ ಮನೆಯವರಿಗೆಲ್ಲಾ ಎಷ್ಟು ಹೆಮ್ಮೆ ಇತ್ತು ಅಂತೀರಿ, ಹೆಸರು ಹೇಳಿದ್ರೆ ಮುಖ ಅರಳ್ತಿತ್ತು.

ಅಕ್ಟೋಬರ್ 11ರ ಮೀಟಿಂಗ್ ನಾನು ಲ್ಯಾಪ್‌ಟಾಪಲ್ಲಿ ನೋಡ್ದೆ. ಕೆಲಸದ ಟೈಮು, ಒಂದು ಕಿವೀಲಿ ಆಫೀಸ್ ಕಾಲು, ಇನ್ನೊಂದು ಕಿವೀಲಿ ಇದು. ಸಭಾಂಗಣ ತುಂಬಿ ಜನ 'ಫುಎರಾ, ಫುಎರಾ' ಅಂತ ಕೂಗ್ತಿದ್ರು, ತೊಲಗಿ ಅಂತ. ಮೀಟಿಂಗ್ ಶುರು ಮಾಡೋಕೇ ಬಿಡ್ತಿರಲಿಲ್ಲ. ಆಮೇಲೆ ಬಾನಿನ್ ಮಾತಾಡೋಕೆ ಶುರು ಮಾಡಿದ್ರು, ಗಂಟಲು ಕಟ್ಟಿ ಅಳ್ತಾ ಅಳ್ತಾನೇ ಮಾತಾಡಿದ್ರು. ನಾನು ಆಫೀಸ್ ಕಾಲ್ ಮ್ಯೂಟ್ ಮಾಡಿ ಕೂತ್ಬಿಟ್ಟೆ. ಯಾರೋ ನನ್ನ ಹೆಸರು ಕರೆದು ಏನೋ ಕೇಳಿದ್ರಂತೆ, ನನಗೆ ಕೇಳಿಸ್ಲೇ ಇಲ್ಲ.

ಖಡಕ್ ಅವರು ಖಾಸಗಿ ಕೋಣೆ ಅಂದ್ರಲ್ಲ. ಹೌದು, ಖಾಸಗಿ. ನಮ್ಮ ಕನ್ನಡದೋರದ್ದೇ ಒಂದು ಪಾಟ್‌ಲಕ್‌ನಲ್ಲಿ ನನ್ನ ಮಗನ್ನ ನೋಡಿ ಒಬ್ಬರು ಆಂಟಿ 'ಇವನು ಯಾರ ಬಣ್ಣ ತಂದ್ಬಿಟ್ಟ, ನಿಮ್ಮಿಬ್ಬರಲ್ಲಿ ಯಾರೂ ಇಷ್ಟು ಕಪ್ಪಿಲ್ವಲ್ಲ' ಅಂತ ನಕ್ಕಿದ್ರು. ಅದೂ ಖಾಸಗೀನೇ. ಅವನಿಗೆ ಆಗ ಆರು ವರ್ಷ, ಕನ್ನಡ ಬರಲ್ಲ ಅಂದ್ಕೊಂಡೇ ಅವರು ಹಾಗಂದಿದ್ದು. ಕಾರಲ್ಲಿ ವಾಪಸ್ ಬರೋವಾಗ ಅಮ್ಮಾ ಕಪ್ಪು ಅಂದ್ರೆ ಬ್ಲ್ಯಾಕ್ ಅಲ್ವಾ ಅಂತ ಕೇಳ್ದ.

ನಾನೂ ಅವತ್ತು ಆ ಆಂಟಿಗೆ ಏನೂ ಹೇಳ್ಲಿಲ್ಲ, ನಗಾಡ್ಕೊಂಡು ತಟ್ಟೆ ತಗೊಂಡು ಆಕಡೆ ಹೋದೆ. ಟೇಪಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಅದೇ. ಮಾರ್ಟಿನೆಜ್ ಅಂತಾರೆ, ಉಳಿದ ಮೂವರಲ್ಲಿ ಒಬ್ಬರೂ ಬಾಯಿ ಬಿಟ್ಟು ಬೇಡ ಅನ್ನಲ್ಲ. ಡಿ ಲಿಯೋನ್ ಅಂತೂ ಬಾನಿನ್ ಆ ಮಗೂನ ಎತ್ಕೊಂಡು ಓಡಾಡೋದನ್ನ ಮಾರ್ಟಿನೆಜ್ ಕೈಲಿರೋ ಬ್ರ್ಯಾಂಡೆಡ್ ಹ್ಯಾಂಡ್‌ಬ್ಯಾಗ್‌ಗೆ ಹೋಲಿಸಿದ್ರು.

ಸುಮ್ನೆ_ಓದುಗ:
ಓದಿ ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ ಅಕ್ಕ.

ಖಡಕ್_ಮಾತು:
ಅಕ್ಕಾರ, ನಿಮ್ಮ ಹುಡುಗನ ಮಾತು ಓದಿ ಸಂಕಟ ಆತ್ರಿ. ನಾ ಅವ್ರ ಮಾತು ಚಲೋ ಅನ್ನಾಕ ಬಂದಿಲ್ಲ. ಜನ ಆರಿಸಿ ಕಳಿಸಿದಾಂವನ್ನ ಹತ್ತು ಮಂದಿ ಮೆಂಬರ್‌ಗೋಳು ಸೇರಿ ಹೊರಗ ಹಾಕೂದು ಅದಕ್ಕಿಂತ ಅಪಾಯ ಅಂತೀನಿ. ಇವತ್ತು ಕೆಟ್ಟ ಮಾತು ಆಡಿದಾಂವನ್ನ ಹಾಕ್ತಾರ, ನಾಳೆ ಇವ್ರಿಗೆ ಸೇರದ ಮಾತು ಆಡಿದಾಂವನ್ನ ಹಾಕ್ತಾರ.

ಕಾನೂನುಕಟ್ಟೆ:
ಇಲ್ಲಿ ನಾನು ಖಡಕ್ ಅವರ ಕಡೆ, ಮತ್ತೆ ಇದು ಬರೀ ಊಹೆ ಅಲ್ಲ. ಜಾರ್ಜಿಯಾದಲ್ಲಿ ಜೂಲಿಯನ್ ಬಾಂಡ್ ಅಂತ ಕಪ್ಪು ವರ್ಣದ ಯುವಕ, ನಾಗರಿಕ ಹಕ್ಕುಗಳ ಚಳವಳಿಯಿಂದ ಬಂದೋರು, ರಾಜ್ಯದ ಶಾಸನಸಭೆಗೆ ಗೆದ್ದು ಬರ್ತಾರೆ. ವಿಯೆಟ್ನಾಂ ಯುದ್ಧದ ವಿರುದ್ಧದ ಒಂದು ಹೇಳಿಕೆಗೆ ಬೆಂಬಲ ಕೊಟ್ರು ಅಂತ ಸಭೆ ಅವರಿಗೆ ಪ್ರಮಾಣವಚನಕ್ಕೇ ಬಿಡಲಿಲ್ಲ. 1966ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದು ತಪ್ಪು, ಸೀಟು ಕೊಡಿ ಅಂತು. ಮಾತು ನೋಡಿ ಹೊರಗೆ ಹಾಕೋ ಕೋಲು ಸಭೆ ಕೈಗೆ ಕೊಟ್ರೆ ಮೊದಲ ಏಟು ಯಾರಿಗೆ ಬೀಳುತ್ತೆ ಅಂತ ಇದರಲ್ಲೇ ಗೊತ್ತಾಗುತ್ತಲ್ಲ.

ಛೀಮಾರಿ ಮಾತ್ರ ಬೇರೆ. 2022ರ ಮಾರ್ಚ್‌ನಲ್ಲಿ, ಅಂದ್ರೆ ಈ ಟೇಪ್ ಹೊರಬೀಳೋಕೆ ಏಳು ತಿಂಗಳು ಮುಂಚೆ, ಹ್ಯೂಸ್ಟನ್‌ನ ಸಮುದಾಯ ಕಾಲೇಜಿನ ಮಂಡಳಿ ಕೇಸಲ್ಲಿ ಸುಪ್ರೀಂ ಕೋರ್ಟ್ 9-0 ತೀರ್ಪು ಕೊಡ್ತು. ಅಲ್ಲೊಬ್ಬ ಸದಸ್ಯ ನನಗೆ ಛೀಮಾರಿ ಹಾಕಿ ನನ್ನ ವಾಕ್ ಸ್ವಾತಂತ್ರ್ಯ ಕಸ್ಕೊಂಡ್ರು ಅಂತ ಹೋಗಿದ್ರು. ನ್ಯಾಯಮೂರ್ತಿ ಗೋರ್ಸಚ್ ಬರೆದ ತೀರ್ಪಿನ ಸಾರ, ನಿನಗೆ ಬೈಯೋ ಹಕ್ಕಿದ್ದ ಹಾಗೆ ನಿನ್ನ ಜೊತೆಗಾರರಿಗೂ ತಿರುಗಿ ಬೈಯೋ ಹಕ್ಕಿದೆ, ಛೀಮಾರಿನೂ ಒಂದು ಮಾತೇ. ಆದ್ರೆ ಉಚ್ಚಾಟನೆ ಥರದ್ದು ಬೇರೆ ಪ್ರಶ್ನೆ ಅಂತ ಅದನ್ನ ಮುಟ್ಟಲಿಲ್ಲ.

ತಿರುಗುಬಾಣ:
ಈ ಬಾಂಡ್ ಕೇಸ್ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದಿದ್ರೆ ಅವತ್ತು ರಾತ್ರಿ ಹನ್ನೆರಡಕ್ಕೇ ಮಲಗಿರ್ತಿದ್ದೆ 😅

ಥೇಮ್ಸ್_ದಂಡೆ:
ಬ್ರಿಟನ್ ಕಡೆ ಇದರ ಉಲ್ಟಾ ಪ್ರಯೋಗ ಆಗಿದೆ, ಅದನ್ನೂ ಸೇರಿಸ್ತೀನಿ. 2005ರಲ್ಲಿ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ ಒಂದು ಪಾರ್ಟಿ ಮುಗಿಸಿ ಹೊರಗೆ ಬರ್ತಿದ್ರು, ವರದಿಗಾರನೊಬ್ಬ ಹಿಂದೆ ಬಿದ್ದು ಪ್ರಶ್ನೆ ಕೇಳ್ದ, ಇವರು ನೀನೇನು ಜರ್ಮನ್ ಯುದ್ಧಾಪರಾಧಿನಾ ಅಂದ್ರು. ಅವನು ನಾನು ಯಹೂದಿ, ನನಗೆ ಬೇಜಾರಾಯ್ತು ಅಂದ. ಅಲ್ಲಿಗೆ ನಿಲ್ಲಿಸೋದು ಬಿಟ್ಟು ನೀನು ನಾಜಿ ಶಿಬಿರದ ಕಾವಲುಗಾರನ ಥರಾನೇ ಅಂತ ಇನ್ನೂ ಮುಂದಕ್ಕೆ ಹೋದ್ರು. ಕ್ಷಮೆ ಕೇಳಿ ಅಂದ್ರೆ ಕೇಳಲ್ಲ ಅಂದ್ರು. 2006ರ ಫೆಬ್ರವರೀಲಿ ಇಂಗ್ಲೆಂಡ್‌ನ ಶಿಸ್ತು ಮಂಡಳಿ ನಾಲ್ಕು ವಾರ ಅಮಾನತು ಅಂತ ಆದೇಶ ಮಾಡ್ತು. ಮಂಡಳೀಲಿ ಕೂತಿದ್ದೋರು ಮೂರೇ ಜನ, ಯಾರೂ ಚುನಾಯಿತರಲ್ಲ, ಅವರು ಲಂಡನ್ನಿನ ಅಷ್ಟೂ ಜನ ಆರಿಸಿದ ಮೇಯರ್‌ನ ಮನೇಲಿ ಕೂರಿಸ್ತೀವಿ ಅಂತಾರೆ! ಗಲಾಟೆ ಆಯ್ತು, ಹೈಕೋರ್ಟ್ ಆದೇಶಕ್ಕೆ ತಡೆ ಕೊಡ್ತು, ಅಕ್ಟೋಬರ್‌ನಲ್ಲಿ ರದ್ದೇ ಮಾಡ್ತು. ಅವತ್ತು ಅವರು ಡ್ಯೂಟಿ ಮೇಲೆ ಇರಲಿಲ್ಲ, ಮಾತು ಕೆಟ್ಟದ್ದೇ ಆದ್ರೂ ನಿಯಮದ ವ್ಯಾಪ್ತಿಗೆ ಬರಲ್ಲ ಅಂತ.

ಆಮೇಲೆ 2011ರ ಲೋಕಲಿಸಂ ಕಾಯ್ದೆ ಬಂದು ಇಂಗ್ಲೆಂಡ್‌ನಲ್ಲಿ ಕೌನ್ಸಿಲರ್‌ಗಳನ್ನ ಅಮಾನತು ಮಾಡೋ ಅಧಿಕಾರಾನೇ ತೆಗೆದುಹಾಕಿದ್ರು. ಈಗ ಅಲ್ಲೂ ಛೀಮಾರಿ, ಸಮಿತಿಯಿಂದ ತೆಗೆಯೋದು, ತರಬೇತಿಗೆ ಹೋಗಿ ಅನ್ನೋದು, ಇಷ್ಟೇ. ತಮಾಷೆ ಅಂದ್ರೆ ಸ್ಕಾಟ್ಲೆಂಡ್‌ನಲ್ಲಿ ಹಾಗಿಲ್ಲ, ಅಲ್ಲಿನ ಸ್ಟ್ಯಾಂಡರ್ಡ್ಸ್ ಕಮಿಷನ್ ಒಂದು ವರ್ಷದವರೆಗೆ ಅಮಾನತು ಮಾಡಬಹುದು, ಐದು ವರ್ಷದವರೆಗೆ ಅನರ್ಹ ಅಂತಾನೂ ಮಾಡಬಹುದು. ಒಂದೇ ದ್ವೀಪ, ಗಡಿ ದಾಟಿದ್ರೆ ಬೇರೆ ನ್ಯಾಯ.

ಹರಟೆಮಲ್ಲಿ:
ಕೆನಡಾದ ಒಂಟಾರಿಯೊದಲ್ಲಿ ಸಂಬಳ ಕಟ್ ಮಾಡ್ತಾರೆ, 90 ದಿನದವರೆಗೆ. ನಮ್ಮ ಕಸಿನ್ ಅಲ್ಲೇ ಇರೋದು, ಅವಳು ಹೇಳೋದು ಕೆಲವರಿಗೆ ಅದೂ ಲಾಭವೇ ಅಂತೆ, ನನ್ನ ಬಾಯಿ ಮುಚ್ಚಿಸಿದ್ರು ನೋಡಿ ಅಂತ ಇನ್ನೂ ನಾಲ್ಕು ಜನ ಬೆಂಬಲಿಗರನ್ನ ಸೇರಿಸ್ಕೊತಾರೆ.

ನಕ್ಷೆಪ್ರಿಯ:
ಎಲ್ರೂ ಆ ಮಾತುಗಳ ಬಗ್ಗೆ ಮಾತಾಡ್ತಿದೀರ, ಅವರು ಅಲ್ಲಿ ಯಾಕೆ ಸೇರಿದ್ರು ಅಂತ ಒಬ್ರೂ ಕೇಳ್ತಿಲ್ಲ. ನನಗೆ ಇದರಲ್ಲಿ ಹೇಳೋದು ಇರೋದೇ ಅದು, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ಅವರು ಹರಟೆಗೆ ಸೇರಿದ್ದಲ್ಲ. 2020ರ ಜನಗಣತಿ ಆದ್ಮೇಲೆ ನಗರದ 15 ಡಿಸ್ಟ್ರಿಕ್ಟ್‌ಗಳ ಗೆರೆ ಹೊಸದಾಗಿ ಎಳೀಬೇಕಿತ್ತು, ನಮ್ಮ ಭಾಷೇಲಿ ಹೇಳೋದಾದ್ರೆ ಕ್ಷೇತ್ರ ಪುನರ್ವಿಂಗಡಣೆ. ಅದಕ್ಕೊಂದು ಆಯೋಗ ಇತ್ತು, 21 ಜನ, ಆದ್ರೆ ಅವರನ್ನ ನೇಮಿಸಿದೋರೇ ಈ ರಾಜಕಾರಣಿಗಳು, ಕೊನೇಗೆ ನಕ್ಷೆ ತಿದ್ದಿ ಪಾಸ್ ಮಾಡೋದೂ ಕೌನ್ಸಿಲ್ಲೇ. ಈ ನಾಲ್ವರು ಗಂಟೆಗೂ ಮೇಲೆ ಮಾತಾಡಿದ್ದರಲ್ಲಿ ಮುಕ್ಕಾಲು ಪಾಲು ಇದೇ. ಯಾವ ವಿಮಾನ ನಿಲ್ದಾಣ, ಯಾವ ಯೂನಿವರ್ಸಿಟಿ ಯಾರ ಪಾಲಿಗೆ ಬರ್ಬೇಕು, ಬಾಡಿಗೆದಾರರು ಜಾಸ್ತಿ ಇರೋ ಏರಿಯಾ ಯಾರಿಗೆ ಹೋದ್ರೆ ಯಾರಿಗೆ ನಷ್ಟ, ಈ ಥರ. ನಿತ್ಯಾ ರಾಮನ್ ಗೊತ್ತಲ್ಲ, ಕೇರಳದಲ್ಲಿ ಹುಟ್ಟಿದೋರು, ಆ ಕೌನ್ಸಿಲ್‌ಗೆ ಆರಿಸಿ ಬಂದ ಮೊದಲ ದಕ್ಷಿಣ ಏಷ್ಯಾ ಮೂಲದ ಮಹಿಳೆ, 2020ರಲ್ಲಿ ಬಾಡಿಗೆದಾರರ ಬೆಂಬಲದಿಂದ ಗೆದ್ದೋರು. ಅವರ ಡಿಸ್ಟ್ರಿಕ್ಟನ್ನ ಮಿಕ್ಸಿಗೆ ಹಾಕಿ ತಿರುವಿಬಿಡ್ಬೇಕು ಅನ್ನೋ ಅರ್ಥದ ಮಾತು ಆ ಟೇಪಲ್ಲೇ ಇದೆ.

ಈಗ ಆ ಕೊಳಕು ಮಾತುಗಳನ್ನ ಇದರ ಪಕ್ಕ ಇಟ್ಟು ನೋಡಿ. ಬಾನಿನ್ ಮೇಲೆ ಯಾಕೆ ಸಿಟ್ಟು? ಅವರು ಕಪ್ಪು ಸದಸ್ಯರ ಜೊತೆ ನಿಲ್ತಾರೆ ಅಂತ. ಬಾನಿನ್‌ರನ್ನ ಡಿ ಲಿಯೋನ್ ಕೌನ್ಸಿಲ್‌ನ ನಾಲ್ಕನೇ ಕಪ್ಪು ಸದಸ್ಯ ಅಂತ ಗೇಲಿ ಮಾಡಿದ್ದು ಅದಕ್ಕೇ. ವಹಾಕಾ ಜನರ ಮಾತು ಯಾಕೆ ಬಂತು? ಕೊರಿಯಾಟೌನ್ ಯಾರ ಪಾಲಿಗೆ ಅನ್ನೋ ಲೆಕ್ಕದ ಮಧ್ಯೆ ಬಂತು. ಊರು ಪಾಲು ಹಾಕ್ತಾ ಕೂತೋರು ಯಾವ ಕಣ್ಣಲ್ಲಿ ಆ ಊರಿನ ಜನಾನ ನೋಡ್ತಿದ್ರು ಅನ್ನೋದು ಆ ಮಾತಲ್ಲಿ ಹೊರಗೆ ಬಿತ್ತು, ಅಷ್ಟೇ.

ಛೀಮಾರಿ ಹಾಕಿದ್ದು ಬಾಯಿಗೆ. ಕೈಗೆ ಯಾರೂ ಏನೂ ಮಾಡ್ಲಿಲ್ಲ. ಟೇಪ್ ಹೊರಗೆ ಬರೋಷ್ಟರಲ್ಲಿ ಆ ನಕ್ಷೆ ಜಾರಿಗೆ ಬಂದು ಹತ್ತು ತಿಂಗಳಾಗಿತ್ತು.

ಹರಟೆಮಲ್ಲಿ:
ಅಯ್ಯೋ ಈ ಆ್ಯಂಗಲ್ ಎಲ್ಲೂ ಓದಿರ್ಲಿಲ್ಲ

ಬಿರುಗಾಳಿ99:
ಅಂದ್ರೆ ಲ್ಯಾಟಿನೋಗಳು ಅಧಿಕಾರ ಕೇಳೋದೇ ತಪ್ಪು ಅಂತೀರಾ? ಆ ಊರಲ್ಲಿ ಅರ್ಧ ಜನ ಅವರೇ, 15 ಸೀಟಲ್ಲಿ ಅವರಿಗೆ ಸಿಕ್ಕಿದ್ದು 4. ಕಪ್ಪು ಜನ ನೂರಕ್ಕೆ ಹತ್ತೂ ಇಲ್ಲ, ಅವರಿಗೆ 3. ಇದನ್ನ ಯಾಕೆ ಯಾರೂ ಹೇಳ್ತಿಲ್ಲ? ಎಲ್ಲಾ ಒಂದೇ ಕಡೆ ಮಾತಾಡ್ತೀರ. ಆ ಜನಾನೇ ಹಾಗೆ ಯಾವಾಗ್ಲೂ [ಈ ಸಾಲು ತೆಗೆಯಲಾಗಿದೆ]

ಮಾಡರೇಟರ್:
ಬಿರುಗಾಳಿ99, ಮೊದಲ ಭಾಗ ಒಳ್ಳೆ ಪ್ರಶ್ನೆ, ಅದನ್ನ ಇಟ್ಟಿದೀನಿ. ಕೊನೇ ಸಾಲು ತೆಗೆದಿದೀನಿ. ಜನಾಂಗೀಯ ನಿಂದನೆ ಬಗ್ಗೆ ಚರ್ಚೆ ಮಾಡ್ತಾ ಅದನ್ನೇ ಮಾಡಿದ್ರೆ ನನಗೂ ಛೀಮಾರಿ ಹಾಕೋದು ಬಿಟ್ಟು ಬೇರೆ ಅಧಿಕಾರ ಇದೆ 🙂

ನಕ್ಷೆಪ್ರಿಯ:
ಬಿರುಗಾಳಿ, ಲೆಕ್ಕ ಸರಿ ಇದೆ, ನಾನು ಅಲ್ಲಗಳೆಯಲ್ಲ. ನಿಜವಾದ ಅಹವಾಲು ಅದು. ಅದನ್ನ ಹಗಲು ಹೊತ್ತಲ್ಲಿ ಆಯೋಗದ ಮುಂದೆ ಅಂಕಿಅಂಶ ಇಟ್ಟು ವಾದ ಮಾಡಿದ್ರೆ ಯಾರೂ ಏನೂ ಅನ್ನೋ ಹಾಗಿರಲಿಲ್ಲ. ಇನ್ನೊಂದು ವಿಷಯ, ವಹಾಕಾದೋರೂ ಆ ಅರ್ಧ ಜನರ ಲೆಕ್ಕದಲ್ಲೇ ಬರ್ತಾರೆ. ಜಪೋಟೆಕ್, ಮಿಶ್‌ಟೆಕ್ ಭಾಷೆ ಆಡೋ ಮೂಲನಿವಾಸಿಗಳು, ಸೆನ್ಸಸ್ ಫಾರಂನಲ್ಲಿ ಲ್ಯಾಟಿನೋ. ಸೀಟು ಕೇಳೋವಾಗ ತಲೆ ಎಣಿಸೋಕೆ ಅವರು ಬೇಕು, ಕೋಣೆಯೊಳಗೆ ನಗೋಕೂ ಅವರೇ ಬೇಕು.

ವ್ಯಾಲಿ_ಅಮ್ಮ:
ಅವರು ಸುಮ್ನಿರಲಿಲ್ಲ, ಅದೇ ವಾರಾನೇ ಬ್ಯಾಂಡ್ ಬಾಜಾ ಸಮೇತ ಬೀದಿಗೆ ಇಳಿದ್ರು.

ಸುಮ್ನೆ_ಓದುಗ:
ಜನ ಅವರನ್ನ ವಾಪಸ್ ಕರೆಸ್ಕೊಳೋ ಹಾಗಿಲ್ವಾ? ರೀಕಾಲ್ ಅಂತ ಇರುತ್ತಲ್ಲ ಕ್ಯಾಲಿಫೋರ್ನಿಯಾದಲ್ಲಿ.

ಕಾನೂನುಕಟ್ಟೆ:
ಇದೆ. ಒಂದಲ್ಲ, ಹಲವು ಸಲ ಪ್ರಯತ್ನ ಮಾಡಿದ್ರು ಡಿ ಲಿಯೋನ್ ಮೇಲೆ, ಯಾವುದೂ ಮತಪತ್ರದವರೆಗೆ ಬರ್ಲಿಲ್ಲ. ಒಂದು ಡಿಸ್ಟ್ರಿಕ್ಟಲ್ಲಿ ಸಾವಿರಾರು ನೋಂದಾಯಿತ ಮತದಾರರ ಸಹಿ ಗಡುವಿನೊಳಗೆ ಸಂಗ್ರಹಿಸ್ಬೇಕು. ಟ್ವಿಟರಲ್ಲಿ ಸಿಟ್ಟು ಮಾಡೋದು ಸುಲಭ, ಮನೆ ಮನೆ ಬಾಗಿಲು ತಟ್ಟಿ ಅಡ್ರೆಸ್ ಸಮೇತ ಸಹಿ ತಗೊಳ್ಳೋದು ಬೇರೆ ಕೆಲಸ.

ಬಿರುಗಾಳಿ99:
ಜನಕ್ಕೇ ಬೇಡ ಅಂದ್ರೆ ಅಲ್ಲಿಗೆ ಮುಗೀತಲ್ಲ ಕಥೆ. ಅವರಿಗಿಲ್ಲದ ನೋವು ನಿಮಗ್ಯಾಕೆ?

ವ್ಯಾಲಿ_ಅಮ್ಮ:
ಮುಗೀಲಿಲ್ಲ ಕಣಪ್ಪಾ. ಎರಡು ತಿಂಗಳು ಕೌನ್ಸಿಲ್ ಕಡೆ ತಲೆ ಹಾಕದೆ ಇದ್ದು ಡಿಸೆಂಬರ್ 9ಕ್ಕೆ ಡಿ ಲಿಯೋನ್ ಸಭೆಗೆ ವಾಪಸ್ ಬಂದ್ರು. ಅವರು ಒಳಗೆ ಬರ್ತಿದ್ದ ಹಾಗೇ ಕೆಲವು ಸದಸ್ಯರು ಎದ್ದು ಹೊರಗೆ ನಡೆದ್ರು, ಜನರ ಸಾಲಲ್ಲಿ ಕೂಗಾಟ. ಅವತ್ತೇ ಸಂಜೆ ಲಿಂಕನ್ ಪಾರ್ಕ್‌ನಲ್ಲಿ ಮಕ್ಕಳಿಗೆ ಆಟದ ಸಾಮಾನು ಹಂಚೋ ಕಾರ್ಯಕ್ರಮ, ಅಲ್ಲಿ ಒಬ್ಬ ಹೋರಾಟಗಾರನಿಗೂ ಅವರಿಗೂ ಕೈ ಕೈ ಮಿಲಾಯಿಸೋ ಮಟ್ಟಕ್ಕೆ ಹೋಯ್ತು, ವಿಡಿಯೋ ಎಲ್ಲಾ ಕಡೆ ಓಡಾಡ್ತು. ಕ್ರಿಸ್‌ಮಸ್ ಅಲಂಕಾರದ ಮಧ್ಯೆ ತಳ್ಳಾಟ, ಅದನ್ನ ನೋಡಿ ನಗಬೇಕೋ ಅಳಬೇಕೋ.

ಖಡಕ್_ಮಾತು:
ಮತ್ತ ಕಡೀಗೆ ಏನಾತು? ಎಲೆಕ್ಷನ್‌ಗೆ ನಿಂತ್ರ?

ತಿರುಗುಬಾಣ:
ನಿಂತ್ರು. 2024ರ ಮಾರ್ಚ್ ಪ್ರೈಮರೀಲಿ, ಅಂದ್ರೆ ಮೊದಲ ಸುತ್ತಲ್ಲಿ, ಎಂಟು ಜನ ಕಣದಲ್ಲಿದ್ರು, ಅದರಲ್ಲಿ ಇಬ್ಬರು ರಾಜ್ಯ ಶಾಸಕರು. ಡಿ ಲಿಯೋನ್ ಅಷ್ಟರ ಮಧ್ಯೆ ಎರಡನೇ ಸ್ಥಾನಕ್ಕೆ ಬಂದು ಫೈನಲ್ ತಲುಪಿದ್ರು, ಅದೇ ದೊಡ್ಡ ಮಾತು. ಆಹಾರ ಹಂಚೋದು, ಬೀದಿಯಲ್ಲಿ ಇದ್ದೋರಿಗೆ ಪುಟ್ಟ ಪುಟ್ಟ ಮನೆ ಕಟ್ಟಿಸಿದ್ದು, ಇದನ್ನೆಲ್ಲಾ ಮುಂದಿಟ್ಟು ಕ್ಯಾಂಪೇನ್ ಮಾಡಿದ್ರು, ಅವರ ಡಿಸ್ಟ್ರಿಕ್ಟಿನ ಬಾಯ್ಲ್ ಹೈಟ್ಸ್ ಕಡೆ ಹಳೇ ಜನ ಅವರನ್ನ ಬಿಟ್ಟುಕೊಡ್ಲಿಲ್ಲ. ನವೆಂಬರ್‌ನಲ್ಲಿ ಇಸಬೆಲ್ ಹುರಾಡೊ ಅನ್ನೋ ವಕೀಲೆ ಎದುರು ಸೋತ್ರು, ಬಾಡಿಗೆದಾರರ ಪರ ಕೇಸ್ ನಡೆಸ್ತಿದ್ದೋರು ಅವರು, ಆ ಕೌನ್ಸಿಲ್‌ಗೆ ಮೊದಲ ಫಿಲಿಪಿನೋ ಮೂಲದ ಸದಸ್ಯೆ.

ಖಡಕ್_ಮಾತು:
ನೋಡ್ರಿ ಮತ್ತ, ನಾ ಅದನ್ನ ಹೇಳಾಕತ್ತಿದ್ದೆ. ಜನಾನ ಕಳಿಸಿದ್ರು, ಜನಾನ ಇಳಿಸಿದ್ರು.

ಹರಟೆಮಲ್ಲಿ:
ಎರಡು ವರ್ಷ ಸಂಬಳ ಎಣಿಸಿ ಆದ್ಮೇಲೆ.

ಖಡಕ್_ಮಾತು:
ಹೂಂ ತಂಗಿ, ಅದಕ್ಕ ನನ್ನ ಹತ್ರ ಉತ್ತರ ಇಲ್ಲ.

ತಿರುಗುಬಾಣ:
ನಕ್ಷೆಪ್ರಿಯ ಅವರೇ, ನೀವು ಕೈಗೆ ಏನೂ ಮಾಡ್ಲಿಲ್ಲ ಅಂದ್ರಿ, ಅದು ಪೂರ್ತಿ ಒಪ್ಪಲ್ಲ ನಾನು. ಟೇಪ್ ಬಂದ ವಾರಾನೇ ರಾಜ್ಯದ ಅಟಾರ್ನಿ ಜನರಲ್ ರಾಬ್ ಬೋಂಟಾ ಆ ಪುನರ್ವಿಂಗಡಣೆ ಬಗ್ಗೆ ತನಿಖೆ ಶುರು ಮಾಡಿದ್ರು. 2024ರ ನವೆಂಬರ್ ಚುನಾವಣೇಲೇ ಚಾರ್ಟರ್ ತಿದ್ದುಪಡಿ ಡಿಡಿ ಅಂತ ಜನರ ಮುಂದೆ ಬಂತು, ಇನ್ಮೇಲೆ ಗೆರೆ ಎಳೆಯೋದು ಕೌನ್ಸಿಲ್ ಕೈಲಿರಬಾರದು, ಸ್ವತಂತ್ರ ಆಯೋಗ ಮಾಡ್ಬೇಕು ಅಂತ. ಭಾರೀ ಬಹುಮತದಲ್ಲಿ ಪಾಸಾಯ್ತು. ಆ ಟೇಪ್ ಇಲ್ದೇ ಹೋಗಿದ್ರೆ ಇದು ಆಗ್ತಿತ್ತು ಅಂತ ನನಗನ್ಸಲ್ಲ.

ನಕ್ಷೆಪ್ರಿಯ:
ಸರಿ, ಅದನ್ನ ಒಪ್ತೀನಿ, ತಿದ್ಕೊತೀನಿ. ಛೀಮಾರಿಗಿಂತ ಅದು ನೂರು ಪಾಲು ದೊಡ್ಡ ಶಿಸ್ತುಕ್ರಮ. ಯಾಕಂದ್ರೆ ಛೀಮಾರಿ ಮೂರು ಜನಕ್ಕೆ, ಇದು ಮುಂದೆ ಆ ಕುರ್ಚಿಗೆ ಬರೋ ಅಷ್ಟೂ ಜನಕ್ಕೆ.

ವ್ಯಾಲಿ_ಅಮ್ಮ:
ನಾನೂ ಹಾಕಿದೀನಿ ಡಿಡಿಗೆ ವೋಟು. ಮತಪತ್ರ ಅಂದ್ರೆ ಪುಟಗಟ್ಟಲೆ, ಅಧ್ಯಕ್ಷರಿಂದ ಹಿಡಿದು ಜಡ್ಜ್‌ವರೆಗೂ, ಅದರಲ್ಲಿ ಇದು ಎಲ್ಲೋ ಮೂಲೇಲಿ. ಊಟದ ಟೇಬಲ್ ಮೇಲೆ ಹರಡ್ಕೊಂಡು ಕೂತಿದ್ದೆ, ಮಗ ಬಂದು ಇದೇನು ಅಂದ. ನಕ್ಷೆ ಬಿಡಿಸೋರು ಯಾರು ಅಂತ ಕೇಳ್ತಿದಾರೆ ಅಂದೆ. ಯಾರು ಬಿಡಿಸಿದ್ರೇನು, ಮ್ಯಾಪ್ ಮ್ಯಾಪೇ ಅಲ್ವಾ ಅಂದ.

ಸುಮ್ನೆ_ಓದುಗ:
ಒಂದು ಡೌಟು, ಕೊನೇದು. 2024ರಲ್ಲಿ ಡಿ ಲಿಯೋನ್ ಸೋತಿದ್ದು ಯಾವ ಮ್ಯಾಪಲ್ಲಿ? ಹೊಸ ಆಯೋಗ ಆಗ ಇನ್ನೂ ಬಂದೇ ಇರಲಿಲ್ಲ ಅಲ್ವಾ?

ನಕ್ಷೆಪ್ರಿಯ:
ಹೌದು. 2021ರ ಮ್ಯಾಪಲ್ಲೇ. ಅವರೇ ಕೂತು ಚೌಕಾಸಿ ಮಾಡಿದ್ರಲ್ಲ, ಅದೇ ಗೆರೆಯೊಳಗೆ.